ಮನೆಯಲ್ಲೊಂದು ನಾದದ ಕೋಣೆ

ಒಲೆಗೆ ಒಂದು ಜಾಗ, ದೇವರಿಗೆ ಒಂದು ಜಾಗ, ಮಲಗುವುದಕ್ಕೆ ಒಂದು ಜಾಗ—ಹೀಗೆ ಮನೆ ಕಟ್ಟುವಾಗ ನಾವು ಎಲ್ಲಕ್ಕೂ ಸ್ಥಳ ಗೊತ್ತುಮಾಡುತ್ತೇವೆ. ಈಚೆಗೆ ಟೆಲಿವಿಷನ್ನಿಗೂ ಒಂದು ಗೋಡೆ ಮೀಸಲಾಗಿದೆ. ಆದರೆ "ಸಂಗೀತಕ್ಕೆ ಎಲ್ಲಿ ಜಾಗ?" ಎಂದು ಕೇಳಿದರೆ ಬಹುಮಂದಿ ಬೀರುವಿನ ತಲೆಯ ಕಡೆಗೆ ಕೈ ತೋರಿಸುತ್ತಾರೆ. ಅಲ್ಲಿ ಗವುಸು ತೊಟ್ಟು, ಧೂಳು ಹೊದ್ದು, ತಂಬೂರಿಯೋ ವೀಣೆಯೋ ಮಲಗಿರುತ್ತದೆ.

ನಮ್ಮ ಊರುಗಳಲ್ಲಿ ಸರಳೆ ಜಂಟೆಗಳನ್ನು ಕಲಿತ ಮಕ್ಕಳಿಲ್ಲದ ಬೀದಿ ಅಪರೂಪ. ವರ್ಣ, ಕೀರ್ತನೆಗಳವರೆಗೆ ಬಂದವರೂ ಉಂಟು. ಹತ್ತು ವರ್ಷ ಕಳೆದಮೇಲೆ ಅವರಲ್ಲಿ ಹಾಡುತ್ತಿರುವವರು ಎಷ್ಟು ಮಂದಿ? ಪರೀಕ್ಷೆ ಬಂತು, ಕೆಲಸ ಸಿಕ್ಕಿತು, ಮದುವೆಯಾಯಿತು ಎಂದು ಕಾರಣ ಹೇಳುತ್ತೇವೆ. ಅವೆಲ್ಲ ನಿಜವೇ. ಆದರೆ ಯಾರೂ ಹೇಳದ ಇನ್ನೊಂದು ಕಾರಣವೂ ಇದೆ. ಹಾಡಿಕೊಳ್ಳುವುದಕ್ಕೆ ಮನೆಯಲ್ಲಿ ಸ್ಥಳವಿರಲಿಲ್ಲ. ನಡುಮನೆಯಲ್ಲಿ ಕುಳಿತರೆ ಬಂದುಹೋಗುವವರು. ಮಲಗುವ ಕೋಣೆಯಲ್ಲಿ ಯಾರಾದರೂ ಮಲಗಿರುತ್ತಾರೆ. ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ. ವಾದ್ಯವನ್ನು ಕೆಳಗಿಳಿಸಿ, ಒರಸಿ, ಶ್ರುತಿ ಮಾಡಿಕೊಳ್ಳುವ ಹೊತ್ತಿಗೆ ಸಿಕ್ಕಿದ್ದ ಅರ್ಧ ಗಂಟೆಯ ಬಿಡುವು ತೀರಿಹೋಗುತ್ತದೆ. ನಾಲ್ಕು ದಿನ ಹೀಗಾದರೆ ಐದನೆಯ ದಿನ ವಾದ್ಯ ಕೆಳಗೆ ಇಳಿಯುವುದೇ ಇಲ್ಲ.

ಆದ್ದರಿಂದ ಇಂದು ನಾನು ಹೇಳಬೇಕೆಂದಿರುವ ವಿಷಯ ಒಂದೇ. ಹಾಡಬೇಕೆಂಬ ಮನಸ್ಸಿಗೂ ಮೊದಲ ಷಡ್ಜಕ್ಕೂ ನಡುವೆ ಇರುವ ಅಡ್ಡಿಗಳನ್ನು ಒಂದೊಂದಾಗಿ ತೆಗೆದುಹಾಕುವುದೇ ಸಂಗೀತದ ಕೋಣೆಯನ್ನು ಅಣಿಮಾಡುವುದೆಂದರೆ. ಬೆಲೆಬಾಳುವ ಯಂತ್ರಗಳನ್ನು ತಂದು ಜೋಡಿಸುವ ಮಾತು ಆಮೇಲಿನದು.

ಮನೆಯಲ್ಲಿ ಸ್ಟುಡಿಯೋ ಎಂದೊಡನೆ ಇದು ಸಿರಿವಂತರ ಹವ್ಯಾಸವೆಂದು ಹಿಂಜರಿಯಬೇಕಾಗಿಲ್ಲ. ನಮ್ಮ ನಾಡಿನಲ್ಲಿ ರೇಡಿಯೋ ಪ್ರಸಾರವೇ ಒಂದು ಮನೆಯಲ್ಲಿ ಹುಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಲ್ಲಿ 30 ವಾಟಿನ ಒಂದು ಪುಟ್ಟ ಪ್ರಸಾರಯಂತ್ರವನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. 30 ವಾಟೆಂದರೆ ಒಂದು ಸಣ್ಣ ವಿದ್ಯುದ್ದೀಪ ಉರಿಯುವಷ್ಟು ಶಕ್ತಿ. 'ಆಕಾಶವಾಣಿ' ಎಂಬ ಹೆಸರು ಬೆಳಕಿಗೆ ಬಂದದ್ದು ಆ ಮನೆಯ ನಿಲಯದಿಂದಲೇ. ದೇಶದ ಪ್ರಸಾರ ಸಂಸ್ಥೆ ಅದನ್ನು ತನ್ನದಾಗಿ ಮಾಡಿಕೊಂಡದ್ದು 1950ರ ದಶಕದಲ್ಲಿ. ಮನೆಯ ನಾಲ್ಕು ಗೋಡೆಗಳ ನಡುವೆ ಇಷ್ಟು ಸಾಧ್ಯವಾಗಿರುವಾಗ, ನಮಗೆ ನಾವೇ ಹಾಡಿಕೊಂಡು ಕೇಳುವುದಕ್ಕೆ ಒಂದು ಕೋಣೆ ಹೆಚ್ಚಿನದೇನಲ್ಲ.

ಮೊದಲು ಜಾಗವನ್ನು ಆರಿಸೋಣ. ಪ್ರತ್ಯೇಕ ಕೋಣೆ ಇದ್ದರೆ ಸಂತೋಷ. ಇಲ್ಲದಿದ್ದರೆ ಮಲಗುವ ಕೋಣೆಯ ಒಂದು ಮೂಲೆಯೇ ಸಾಕು. ಬೀದಿಗೆ ಮುಖಮಾಡಿದ ಕೋಣೆಗಿಂತ ಒಳಗಿನದು ಮೇಲು. ನೀರೆತ್ತುವ ಪಂಪು, ರೆಫ್ರಿಜರೇಟರು, ಬಚ್ಚಲಿನ ಕೊಳವೆ—ಇವುಗಳ ಗೋಡೆಗೆ ಅಂಟಿಕೊಂಡಿರಬಾರದು. ಉದ್ದ, ಅಗಲ, ಎತ್ತರ ಮೂರೂ ಸಮನಾಗಿರುವ ಕೋಣೆ ಸಂಗೀತಕ್ಕೆ ಒಳ್ಳೆಯದಲ್ಲ. ಪ್ರತಿಯೊಂದು ಕೋಣೆಯೂ ತನ್ನ ಅಳತೆಗೆ ತಕ್ಕ ಕೆಲವು ಸ್ವರಗಳನ್ನು ತಾನೇ ಉಬ್ಬಿಸಿ ನುಡಿಯುತ್ತದೆ. ಮೂರು ಅಳತೆಗಳೂ ಒಂದೇ ಆದರೆ ಮೂರೂ ಸೇರಿ ಅವೇ ಸ್ವರಗಳನ್ನು ಉಬ್ಬಿಸುತ್ತವೆ. ಮಂದ್ರದಲ್ಲಿ ಒಂದು ಸ್ವರ ಗುಂಯ್ಯೆಂದು ತುಂಬಿಕೊಂಡರೆ ಪಕ್ಕದ ಸ್ವರ ಬಡವಾಗಿ ಕೇಳುತ್ತದೆ. ಉದ್ದ ಹೆಚ್ಚು, ಅಗಲ ಕಡಿಮೆ ಇರುವ ಕೋಣೆಯೇ ಲೇಸು.

ಕೋಣೆಯ ಸ್ವಭಾವವನ್ನು ತಿಳಿಯಲು ಯಂತ್ರ ಬೇಡ, ಒಂದು ಚಪ್ಪಾಳೆ ಸಾಕು. ಬರಿದಾದ ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿರಿ. ಎದುರುಬದುರಾದ ಎರಡು ಬೋಳು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿದಾಡಿ 'ಟರ್ರ್' ಎಂದು ಕೇಳುತ್ತದೆ. ನೀವು ಹಾಡುವ ಪ್ರತಿ ಸ್ವರಕ್ಕೂ ಈ ಬಾಲ ಅಂಟಿಕೊಳ್ಳುತ್ತದೆ.

ಈ ಬಾಲವನ್ನು ಅಳೆಯುವ ಬಗೆಯನ್ನು ಕಂಡುಹಿಡಿದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಮಂದಿರದಲ್ಲಿ ಮಾತೇ ತಿಳಿಯುತ್ತಿರಲಿಲ್ಲ; ಆಡಿದ ಒಂದು ಶಬ್ದ ಐದು ಸೆಕೆಂಡಿಗೂ ಹೆಚ್ಚು ಕಾಲ ಒಳಗೇ ಸುತ್ತುತ್ತಿತ್ತು. ಅದನ್ನು ಸರಿಪಡಿಸುವ ಹೊಣೆ 1895ರಲ್ಲಿ ವ್ಯಾಲೇಸ್ ಸೇಬಿನ್ ಎಂಬ ಭೌತಶಾಸ್ತ್ರದ ಅಧ್ಯಾಪಕನ ಮೇಲೆ ಬಿತ್ತು. ಆತ ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊತ್ತು ತಂದು, ಒಂದೊಂದಾಗಿ ಹಾಸಿ, ಆರ್ಗನ್ ವಾದ್ಯದ ಒಂದು ಕೊಳವೆಯನ್ನು ನುಡಿಸಿ ನಿಲ್ಲಿಸಿ, ನಾದ ಎಷ್ಟು ಹೊತ್ತಿಗೆ ಅಡಗುತ್ತದೆಂದು ಗಡಿಯಾರ ಹಿಡಿದು ಅಳೆದ. ಬೆಳಗಾಗುವ ಮೊದಲು ಮೆತ್ತೆಗಳನ್ನು ಮತ್ತೆ ಅವುಗಳ ಸ್ಥಾನದಲ್ಲಿ ಇಡಬೇಕಾಗಿತ್ತು. ಆ ರಾತ್ರಿಗಳ ದುಡಿಮೆಯಿಂದ ಒಂದು ಸರಳ ಸೂತ್ರ ಹೊರಟಿತು. 1900ರಲ್ಲಿ ತೆರೆದ ಬಾಸ್ಟನ್ ನಗರದ ಸಿಂಫನಿ ಹಾಲ್ ಆ ಸೂತ್ರದ ನೆರವಿನಿಂದ ಕಟ್ಟಿದ್ದು. ನಾದಕ್ಕೆ ಅದು ಇಂದಿಗೂ ಹೆಸರಾಗಿದೆ.

ಸೂತ್ರವನ್ನು ನಮ್ಮ ಕೋಣೆಗೇ ಹಚ್ಚಿ ನೋಡೋಣ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆ. ಒಟ್ಟು 1,200 ಘನ ಅಡಿ. ಅದನ್ನು ಇಪ್ಪತ್ತರಿಂದ ಭಾಗಿಸಿದರೆ 60. ಈ 60ನ್ನು ಕೋಣೆಯ 'ನುಂಗುವ ಶಕ್ತಿ'ಯಿಂದ ಭಾಗಿಸಿದರೆ ನಾದ ಅಡಗಲು ಬೇಕಾದ ಸೆಕೆಂಡುಗಳು ಬರುತ್ತವೆ. ನುಂಗುವ ಶಕ್ತಿಗೆ ಮಾನವಾವುದು? ತೆರೆದ ಕಿಟಕಿ! ಕಿಟಕಿಯಿಂದ ಹೊರಗೆ ಹೋದ ಸದ್ದು ಹಿಂದಿರುಗಿ ಬರುವುದಿಲ್ಲವಷ್ಟೆ. ಒಂದು ಚದರಡಿ ತೆರೆದ ಕಿಟಕಿ ನುಂಗುವಷ್ಟು ನಾದವೇ ಒಂದು ಮಾನ. ಗಾರೆ ಗೋಡೆ, ಕಲ್ಲಿನ ನೆಲದ ನಮ್ಮ ಬರಿಯ ಕೋಣೆಯ ಶಕ್ತಿ ಅಂದಾಜು 20. ಅರವತ್ತನ್ನು ಇಪ್ಪತ್ತರಿಂದ ಭಾಗಿಸಿದರೆ ಮೂರು ಸೆಕೆಂಡು. ಮೂರು ಸೆಕೆಂಡಿನ ಬಾಲವಿದ್ದರೆ ಜಂಟೆವರಸೆಯ ಎರಡನೆಯ ಕಾಲದಲ್ಲೇ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಈಗ ಮನೆಯಲ್ಲಿರುವ ಸಾಮಾನುಗಳನ್ನೇ ತನ್ನಿ. ನೆಲಕ್ಕೆ ಒಂದು ಹಾಸಿಗೆ, ಅದರ ಮೇಲೆ ಜಮಖಾನ. ಒಂದು ಗೋಡೆಗೆ ಪುಸ್ತಕ ತುಂಬಿದ, ಬಾಗಿಲಿಲ್ಲದ ಕಪಾಟು. ಇನ್ನೆರಡು ಗೋಡೆಗಳಿಗೆ ಕೌದಿ. ಹೌದು, ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ ಧೋತ್ರಗಳನ್ನು ಪದರಪದರವಾಗಿಟ್ಟು ಹೊಲಿದ ಅದೇ ಕೌದಿ. ಅದನ್ನು ಗೋಡೆಗೆ ಅಂಟಿಸಿ ಬಡಿಯಬೇಡಿ. ಒಂದು ಮರದ ಪಟ್ಟಿಗೆ ತೂಗುಹಾಕಿ, ಗೋಡೆಗೂ ಅದಕ್ಕೂ ನಡುವೆ ನಾಲ್ಕು ಬೆರಳು ತೆರಪು ಬಿಡಿ. ತೆರಪಿದ್ದರೆ ತಗ್ಗಿನ ಸ್ವರಗಳನ್ನೂ ಅದು ಒಂದಿಷ್ಟು ಹೀರುತ್ತದೆ. ಎದುರುಬದುರು ಗೋಡೆಗಳಲ್ಲಿ ಒಂದಕ್ಕೆ ಕೌದಿ ಬಂದರೂ ಆ 'ಟರ್ರ್' ನಿಂತುಹೋಗುತ್ತದೆ. ಸುರುಳಿ ಸುತ್ತಿದ ಒಂದು ದಪ್ಪ ಹತ್ತಿಯ ಹಾಸಿಗೆಯನ್ನು ಮೂಲೆಯಲ್ಲಿ ನಿಲ್ಲಿಸಿ. ಮಂದ್ರದ ಗುಂಯ್ಗುಟ್ಟುವಿಕೆ ಬಂದು ಸೇರುವುದು ಮೂಲೆಗಳಲ್ಲೇ. ಕುಳಿತ ಇಬ್ಬರು ಮನುಷ್ಯರನ್ನೂ ಲೆಕ್ಕಕ್ಕೆ ಸೇರಿಸಿರಿ. ಎಲ್ಲ ಕೂಡಿ ಕೋಣೆಯ ಶಕ್ತಿ 80ರ ಸಮೀಪಕ್ಕೆ ಬರುತ್ತದೆ. ಅರವತ್ತನ್ನು ಎಂಬತ್ತರಿಂದ ಭಾಗಿಸಿದರೆ ಮುಕ್ಕಾಲು ಸೆಕೆಂಡು. ಅಭ್ಯಾಸಕ್ಕೆ ಇದು ಹಿತವಾದ ಅಳತೆ.

ಹೆಚ್ಚು ನುಂಗಿಸುವುದೂ ಬೇಡ. ನಾದವನ್ನೆಲ್ಲ ಹೀರಿಬಿಟ್ಟ ಕೋಣೆಯಲ್ಲಿ ಕಂಠ ಒಣಗಿದಂತೆ ಕೇಳಿ, ಹಾಡುಗಾರ ತನಗೆ ತಿಳಿಯದೆಯೇ ಗಂಟಲಿಗೆ ಬಲ ಕೊಡುತ್ತಾನೆ. ಅರ್ಧ ಗಂಟೆಯಲ್ಲಿ ದಣಿಯುತ್ತಾನೆ. ಇನ್ನೊಂದು ಕೊನೆ ಬಚ್ಚಲಮನೆ. ಅಲ್ಲಿ ಎಲ್ಲರೂ ಗಂಧರ್ವರೇ! ಆದರೆ ಬಚ್ಚಲಮನೆ ಮುಖಸ್ತುತಿ ಮಾಡುವ ಸ್ನೇಹಿತನಿದ್ದಂತೆ. ಸ್ವರ ಒಂದಿಷ್ಟು ತಗ್ಗಿದ್ದರೂ ತೋರಗೊಡುವುದಿಲ್ಲ. ಅಭ್ಯಾಸದ ಕೋಣೆ ಸತ್ಯವನ್ನೂ ಹೇಳಬೇಕು, ಉತ್ಸಾಹವನ್ನೂ ಕೆಡಿಸಬಾರದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಮೊಟ್ಟೆಯ ಕಾಗದದ ತಟ್ಟೆಗಳನ್ನೋ ಸ್ಪಂಜಿನ ಹಲಗೆಗಳನ್ನೋ ಗೋಡೆಗೆ ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲವೆಂದು ಅನೇಕರು ನಂಬಿದ್ದಾರೆ. ಒಳಗಿನ ಪ್ರತಿಧ್ವನಿಯನ್ನು ತಗ್ಗಿಸುವುದು ಬೇರೆ, ಹೊರಗೆ ಹೋಗುವ ಸದ್ದನ್ನು ತಡೆಯುವುದು ಬೇರೆ. ಮೊದಲನೆಯದಕ್ಕೆ ಮೆತ್ತನೆಯ ವಸ್ತು ಬೇಕು. ಎರಡನೆಯದಕ್ಕೆ ಭಾರವಾದ ಗೋಡೆ ಮತ್ತು ಸಂದಿಲ್ಲದ ಬಾಗಿಲು ಬೇಕು. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ತಡೆದ ಸದ್ದು ಬಾಗಿಲ ಕೆಳಗಿನ ಅರ್ಧ ಅಂಗುಲದ ಸಂದಿನಲ್ಲಿ ನುಸುಳಿಬಿಡುತ್ತದೆ. ಬಾಗಿಲ ಚೌಕಟ್ಟಿಗೆ ಸುತ್ತಲೂ ರಬ್ಬರಿನ ಪಟ್ಟಿ, ಹೊಸಿಲಿಗೆ ಒಂದು ಬಟ್ಟೆಯ ಸುರುಳಿ—ಇಷ್ಟರಿಂದಲೇ ದೊಡ್ಡ ವ್ಯತ್ಯಾಸ ಕಾಣುತ್ತದೆ. ಮೃದಂಗ ತಬಲಗಳ ಪೆಟ್ಟು ನೆಲದ ಮೂಲಕವೂ ಇಳಿದುಹೋಗುತ್ತದೆ. ಮಹಡಿಯ ಮನೆಯವರು ಅವುಗಳ ಕೆಳಗೆ ದಪ್ಪನೆಯ ಮೆತ್ತೆ ಹಾಕಿದರೆ ಕೆಳಗಿನ ಮನೆಯವರು ನಿದ್ದೆ ಮಾಡಬಹುದು.

ನೆರೆಹೊರೆಯ ಮಾತು ಬಂತು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ಬ್ರಾಹ್ಮೀ ಮುಹೂರ್ತದ ಸಾಧನೆ ಮಾಡುವವರು ಇದನ್ನು ನೆನಪಿಡುವುದು ಒಳ್ಳೆಯದು. ಆ ಹೊತ್ತನ್ನು ಮಂದ್ರ ಸಾಧನೆಗೆ ಇಟ್ಟುಕೊಳ್ಳಿ; ಅದು ಮೆಲುದನಿಯಲ್ಲೇ ಆಗತಕ್ಕದ್ದು. ತಾರಸ್ಥಾಯಿಯ ಅಕಾರವನ್ನು ಬಿಸಿಲೇರಿದ ಮೇಲೆ ಮಾಡಿದರಾಯಿತು. ಪಕ್ಕದ ಮನೆಯವರಿಗೆ ನಿಮ್ಮ ಅಭ್ಯಾಸದ ವೇಳೆಯನ್ನು ಮೊದಲೇ ತಿಳಿಸಿಬಿಟ್ಟರೆ, ಗೋಡೆ ಮಾಡಲಾರದ ಕೆಲಸವನ್ನು ಆ ಎರಡು ಮಾತು ಮಾಡುತ್ತದೆ.

ಇನ್ನು ವಾದ್ಯಗಳ ವಾಸ. ವಾದ್ಯ ಕೈಗೆ ಎಟುಕುವಂತಿರಬೇಕು, ಆದರೆ ಓಡಾಡುವವರ ಕಾಲಿಗೆ ಸಿಗಬಾರದು. ವೀಣೆಯನ್ನು ಗೋಡೆಗೆ ಒರಗಿಸದೆ ನೆಲದ ಮೇಲೆ ಮೆತ್ತೆಯಲ್ಲಿ ಮಲಗಿಸಿ. ಅದರ ಮೆಟ್ಟಿಲುಗಳು ಕುಳಿತಿರುವುದು ಮೇಣದ ಮೇಲೆ. ಕಿಟಕಿಯ ಬಿಸಿಲು ಬಿದ್ದರೆ ಮೇಣ ಮೆತ್ತಗಾಗಿ ಮೇಳ ಕೆಡುತ್ತದೆ. ತಂಬೂರಿಯ ಬುರುಡೆ, ಬಿರಡೆ, ಕುದುರೆಗಳಿಗೆ ಮಳೆಗಾಲದ ತೇವವೂ ಕೆಟ್ಟದ್ದು, ಬೇಸಗೆಯ ಒಣಗಾಳಿಯೂ ಕೆಟ್ಟದ್ದು. ಮಲೆನಾಡಿನವರೂ ಕರಾವಳಿಯವರೂ ಮಳೆ ಬಡಿಯುವ ಹೊರಗೋಡೆಗೆ ವಾದ್ಯವನ್ನು ತಾಗಿಸಬಾರದು. ಬಯಲುಸೀಮೆಯವರು ಫ್ಯಾನಿನ ನೇರಕ್ಕೆ ಇಡಬಾರದು. ಮೃದಂಗದ ಎಡಮುಖಕ್ಕೆ ಹಚ್ಚಿದ ರವೆಯನ್ನು ನುಡಿಸಿ ಮುಗಿದೊಡನೆ ತೆಗೆದು ಒರಸಿ. ಬಿಟ್ಟರೆ ಚರ್ಮ ಕೆಡುತ್ತದೆ. ಪಿಟೀಲಿನ ಕಮಾನನ್ನು ಸಡಿಲಿಸಿಯೇ ಪೆಟ್ಟಿಗೆಯಲ್ಲಿಡಿ. ಹಾರ್ಮೋನಿಯಮ್ಮಿನ ತಿದಿ ಜಿರಲೆಗೂ ಇಲಿಗೂ ಪ್ರಿಯವಾದ್ದರಿಂದ ಆ ಕೋಣೆಗೆ ತಿಂಡಿಯ ತಟ್ಟೆಗಳನ್ನು ತರದಿರುವುದೇ ಕ್ಷೇಮ.

ದಿನವೂ ತಂತಿ ಬಿಗಿದು ಶ್ರುತಿ ಕೂಡಿಸುವಷ್ಟು ಬಿಡುವಿಲ್ಲದವರಿಗೆ ವಿದ್ಯುನ್ಮಾನ ತಂಬೂರಿ ದೊಡ್ಡ ಉಪಕಾರ ಮಾಡಿದೆ. ಎಂಜಿನಿಯರೂ ಕೊಳಲು ವಾದಕರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಅದನ್ನು ರೂಪಿಸಿದರು. ಈಗ ಮೊಬೈಲಿನೊಳಗೂ ತಂಬೂರಿ ಬಂದಿದೆ. ಗುಂಡಿ ಒತ್ತಿದರೆ ಶ್ರುತಿ ಸಿದ್ಧ. ಅಡ್ಡಿಗಳಲ್ಲಿ ಒಂದು ದೂರವಾಯಿತು. ಆದರೂ ವಾರಕ್ಕೊಮ್ಮೆಯಾದರೂ ನಿಜವಾದ ತಂಬೂರಿಯನ್ನು ಮೀಟಿ, ಜೀವಾಳದ ದಾರವನ್ನು ಸರಿಸಿ ನಾದ ಅರಳುವುದನ್ನು ಕೇಳಿ. ಶ್ರುತಿ ಕೂಡಿಸುವುದನ್ನು ಕಲಿತ ಕಿವಿಗೆ ಮಾತ್ರ ಶ್ರುತಿ ಕೂಡಿದ್ದು ತಿಳಿಯುತ್ತದೆ.

ಮೈಗೆ ನೋವಾಗುವ ಆಸನದಲ್ಲಿ ಮನಸ್ಸು ನಿಲ್ಲುವುದಿಲ್ಲ. ಕೋಣೆಯ ಉದ್ದದ ಕಡೆ ಮುಖಮಾಡಿ, ಹಿಂದಿನ ಗೋಡೆಯಿಂದ ಉದ್ದದ ಮೂರನೆಯ ಒಂದು ಪಾಲಿನಷ್ಟು ಮುಂದೆ ಕುಳಿತುಕೊಳ್ಳಿ. ನಟ್ಟನಡುವೆಯೂ ಬೇಡ, ಮೂಲೆಯೂ ಬೇಡ. ಎರಡು ಬೆರಳು ದಪ್ಪದ ಮೆತ್ತೆ ಹಾಕಿದರೆ ಮಂಡಿಗೆ ಹಿತ. ನೆಲದ ಮೇಲೆ ಕೂರಲಾರದ ಹಿರಿಯರು ಕೈಯಿಲ್ಲದ ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು ಹಾಡಿದರೆ ಸಂಗೀತಕ್ಕೆ ಏನೂ ಕೊರತೆಯಾಗದು. ಸಾಹಿತ್ಯದ ಪುಸ್ತಕ ತೊಡೆಯ ಮೇಲಿದ್ದರೆ ಕತ್ತು ಬಗ್ಗಿ ಗಂಟಲು ಅದುಮಿಕೊಳ್ಳುತ್ತದೆ; ಪುಸ್ತಕಕ್ಕೆ ಎದೆಮಟ್ಟದ ಒಂದು ವ್ಯಾಸಪೀಠವಿರಲಿ. ದೀಪ ಹಿಂದಿನಿಂದ, ಎಡಭುಜದ ಮೇಲಾಗಿ ಬರಲಿ. ಬಾಗಿಲು ಕಿಟಕಿ ಮುಚ್ಚಿ ಹಾಡಿದ ಮೇಲೆ ಹತ್ತು ನಿಮಿಷ ತೆರೆದಿಡಿ; ಉಸಿರಿನ ಕಲೆಗೆ ಶುದ್ಧವಾದ ಗಾಳಿಯೇ ಮೊದಲ ವಾದ್ಯ.

ಇನ್ನು ಧ್ವನಿಮುದ್ರಣ. ಹಾಡುವಾಗ ನಮ್ಮ ದನಿಯ ಒಂದು ಭಾಗ ತಲೆಯ ಮೂಳೆಗಳ ಮೂಲಕ ಒಳಗಿನಿಂದಲೇ ಕಿವಿಗೆ ಮುಟ್ಟುತ್ತದೆ. ಆದ್ದರಿಂದ ಇತರರು ಕೇಳುವಂತೆ ನಮ್ಮನ್ನು ನಾವು ಕೇಳುವುದು ಮುದ್ರಣದಲ್ಲಿ ಮಾತ್ರ ಸಾಧ್ಯ. ಅದು ಕನ್ನಡಿಯ ಕೆಲಸ. ಮೊದಲಿಗೆ ನಿಮ್ಮ ಮೊಬೈಲೇ ಸಾಕು; ರಿಂಗಣಿಸದಂತೆ ಮಾಡಿ, ಮೆತ್ತನೆಯ ಬಟ್ಟೆಯ ಮೇಲಿಡಿ. ಮುಂದೆ ಮೈಕ್ರೋಫೋನು ಕೊಂಡರೆ ಅದು ಬಾಯಿಂದ ಒಂದು ಗೇಣಿಗೂ ಒಂದು ಮೊಳಕ್ಕೂ ನಡುವೆ, ಬಾಯಿಯ ನೇರಕ್ಕಿಂತ ತುಸು ಪಕ್ಕಕ್ಕಿರಲಿ. ಆಗ 'ಪ'ಕಾರ 'ಭ'ಕಾರಗಳ ಉಸಿರು ಅದಕ್ಕೆ ಬಡಿಯುವುದಿಲ್ಲ. ಮೈಕು ಹತ್ತಿರವಾದಷ್ಟೂ ದನಿ ಹೆಚ್ಚು, ಕೋಣೆ ಕಡಿಮೆ. ದೂರವಾದಷ್ಟೂ ಕೋಣೆಯೇ ಹೆಚ್ಚು. ನಿಮ್ಮ ಬೆನ್ನ ಹಿಂದೆ ಒಂದು ಕೌದಿ ಇದ್ದರೆ ಅರ್ಧ ಕೆಲಸವಾದಂತೆ. ಮುದ್ರಣದ ಹೊತ್ತಿನಲ್ಲಿ ಫ್ಯಾನನ್ನೂ ರೆಫ್ರಿಜರೇಟರನ್ನೂ ನಿಲ್ಲಿಸಿ. ಮತ್ತೆ ಹಾಕುವುದು ಮರೆಯದಂತೆ ಮನೆಯ ಬೀಗದ ಕೈಯನ್ನು ರೆಫ್ರಿಜರೇಟರಿನೊಳಗೇ ಇಟ್ಟಿರಿ! ಶ್ರುತಿಯನ್ನೋ ತಾಳವನ್ನೋ ಹೆಡ್‌ಫೋನಿನಲ್ಲಿ ಒಂದೇ ಕಿವಿಗೆ ಕೇಳಿಸಿಕೊಳ್ಳಿ. ಇನ್ನೊಂದು ಕಿವಿ ನಿಮ್ಮ ದನಿಗಿರಲಿ. ಯಂತ್ರದಲ್ಲಿ ಪ್ರತಿಧ್ವನಿ ಬೆರೆಸಿ ದನಿಗೆ ಬಣ್ಣ ಹಚ್ಚುವ ಆಸೆಯನ್ನು ಅಭ್ಯಾಸದ ದಿನಗಳಲ್ಲಿ ತಡೆದುಕೊಳ್ಳಿ. ಕನ್ನಡಿಗೇ ಬಣ್ಣ ಬಳಿದರೆ ಮುಖ ನೋಡಿಕೊಳ್ಳುವುದು ಹೇಗೆ? ಮುದ್ರಿಸಿದ್ದನ್ನು ಅದೇ ಗಳಿಗೆಯಲ್ಲಿ ಕೇಳುವುದಕ್ಕಿಂತ ಮರುದಿನ ಕೇಳುವುದು ಮೇಲು. ಮರುದಿನದ ಕಿವಿ ನಿಷ್ಪಕ್ಷಪಾತವಾಗಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಮುಖ್ಯವಾದ ಏರ್ಪಾಡು ಉಳಿದಿದೆ. ಅದಕ್ಕೆ ಕಾಸಿನ ಖರ್ಚಿಲ್ಲ, ಆದರೆ ಮನೆಮಂದಿಯ ಒಪ್ಪಿಗೆ ಬೇಕು. ನಮ್ಮ ಸಂಗೀತದ ಜೀವ ಮನೋಧರ್ಮ. ಆಲಾಪನೆಯಲ್ಲಿ, ನೆರವಲಿನಲ್ಲಿ, ಕಲ್ಪನಾಸ್ವರದಲ್ಲಿ ಹೊಸದೊಂದು ಸಂಚಾರ ಹೊಳೆಯಬೇಕಾದರೆ ಅದಕ್ಕೆ ಮುಂಚೆ ಹತ್ತು ಸಂಚಾರಗಳು ದಾರಿ ತಪ್ಪಬೇಕು. ತಪ್ಪುವಾಗ ಯಾರೂ ಕೇಳುತ್ತಿಲ್ಲವೆಂಬ ಧೈರ್ಯ ಬೇಕು. ಬಾಗಿಲಾಚೆಯಿಂದ "ಅದೇನು ಹಾಗೆ ಕೂಗುತ್ತೀಯೆ?" ಎಂಬ ಒಂದು ಮಾತು ಬಂದರೆ ಸಾಕು, ಅರಳುತ್ತಿದ್ದ ರಾಗ ಮುದುಡಿಕೊಳ್ಳುತ್ತದೆ. ಈ ಕಷ್ಟ ಹೆಚ್ಚಾಗಿ ಬರುವುದು ಮನೆಯ ಹೆಣ್ಣುಮಕ್ಕಳಿಗೆ. ಅಕ್ಕನೋ ಅತ್ತಿಗೆಯೋ ಅಮ್ಮನೋ ಕುಳಿತು ಶ್ರುತಿ ಹಿಡಿದೊಡನೆ ಬಾಗಿಲ ಗಂಟೆ, ಹಾಲಿನವನು, ಕಾಣದ ಕನ್ನಡಕ—ಎಲ್ಲಕ್ಕೂ ಅವರ ಹೆಸರೇ ಕೇಳಿಬರುತ್ತದೆ. ಆದ್ದರಿಂದ ದಿನಕ್ಕೆ ಮುಕ್ಕಾಲು ಗಂಟೆ, ಆ ಬಾಗಿಲು ಮುಚ್ಚಿರುವಷ್ಟು ಹೊತ್ತು, ಒಳಗಿರುವವರನ್ನು ಕೂಗಬಾರದೆಂದು ಮನೆಯವರೆಲ್ಲ ಒಪ್ಪಿಕೊಳ್ಳಿ. ನಾನು ಹೇಳಿದ ಜಮಖಾನ, ಕೌದಿ, ಮೈಕುಗಳು ಯಾವುವೂ ಇಲ್ಲದಿದ್ದರೂ ಈ ಒಪ್ಪಂದವೊಂದಿದ್ದರೆ ಕೋಣೆ ಸಿದ್ಧವಾದಂತೆಯೇ. ಒಪ್ಪಂದವಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಅದು ಬರಿಯ ಸಾಮಾನಿನ ಕೋಣೆ.

ಒಳಗೊಂದು ಪುಟ್ಟ ಪುಸ್ತಕವೂ ಸೀಸದ ಕಡ್ಡಿಯೂ ಇರಲಿ. ಹೊಳೆದ ಸಂಚಾರವನ್ನು ನಾಲ್ಕು ಸ್ವರಾಕ್ಷರಗಳಲ್ಲಿ ಗುರುತು ಮಾಡಿ. ಅದು ಹೊಳೆದ ತಾರೀಖನ್ನೂ ಬರೆಯಿರಿ. ವರ್ಷ ಕಳೆದು ಹಾಳೆ ತಿರುವಿದಾಗ ನಿಮ್ಮ ಬೆಳವಣಿಗೆ ನಿಮಗೇ ಕಾಣುತ್ತದೆ.

ಕೋಣೆಯನ್ನು ಒಂದೇ ದಿನದಲ್ಲಿ ಪೂರ್ತಿ ಮಾಡಬೇಕಾಗಿಲ್ಲ. ಈ ವಾರ ಜಾಗವನ್ನು ಗೊತ್ತುಮಾಡಿ ಜಮಖಾನ ಹಾಸಿ. ಮುಂದಿನ ವಾರ ಕೌದಿ ತೂಗುಹಾಕಿ ಇನ್ನೊಮ್ಮೆ ಚಪ್ಪಾಳೆ ತಟ್ಟಿ ನೋಡಿ. ತಿಂಗಳ ಕೊನೆಗೆ ಬಾಗಿಲಿಗೆ ರಬ್ಬರಿನ ಪಟ್ಟಿ ಬರಲಿ. ಆದರೆ ಬೀರುವಿನ ತಲೆಯ ಮೇಲಿರುವ ವಾದ್ಯವನ್ನು ಮಾತ್ರ ಇಂದೇ ಕೆಳಗಿಳಿಸಿ. ಅದು ಕಣ್ಣೆದುರಿಗಿದ್ದರೆ ಉಳಿದುದನ್ನು ಅದೇ ನಿಮ್ಮಿಂದ ಮಾಡಿಸುತ್ತದೆ.